ಐದು ತಾಲ್ಲೂಕುಗಳ ಕೂಸುಗಳ ಆಹಾರ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಎಳೆಯ ಮಕ್ಕಳು ವಯಸ್ಸಿಗೆ ತಕ್ಕಂತೆ ಬೆಳೆಯದೆ ಗಿಡ್ಡಾಗಿ ಉಳಿಯುತ್ತಿರುವ ವಿಷಯವು ಹೊಸದೇನೂ ಅಲ್ಲ. ಹೊಸದಲ್ಲವೆಂಬ ಕಾರಣದಿಂದಲೇ ಅದು ಪೌರರ ಗಮನಕ್ಕೂ ಅಧಿಕಾರಿವರ್ಗದವರ ಗಮನಕ್ಕೂ ಬಾರದೆ ಹೋಗುತ್ತಿರುವುದು ಖೇದಕರವಾದ ಸಂಗತಿ. ಊರಿಗೆ ಸಾಂಕ್ರಾಮಿಕ ಜಾಡ್ಯ ಬಂದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಮಳೆ ತಪ್ಪಿದರೆ ಮಂತ್ರಿಗಳು ಧಾವಿಸಿ ಬರುತ್ತಾರೆ. ಆದರೆ ಮಗುವೊಂದು ಎರಡು ವರ್ಷದಲ್ಲಿ ಎರಡು ಮೂರು ಅಂಗುಲ ಕಡಿಮೆ ಬೆಳೆದರೆ ಅದಕ್ಕೆ ಸದ್ದೂ ಇಲ್ಲ, ಸುದ್ದಿಯೂ ಇಲ್ಲ.

೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫.೪ ಮಂದಿ ಕುಂಠಿತ ಬೆಳವಣಿಗೆಯವರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆಯು ೩೬.೨ ಆಗಿತ್ತು. ಎರಡು ಸಮೀಕ್ಷೆಗಳ ನಡುವೆ ನಾವು ಸಾಧಿಸಿದ್ದು ಇಷ್ಟೆ! ರಕ್ತಹೀನತೆಯ ಲೆಕ್ಕವಂತೂ ಇಳಿಯುವುದರ ಬದಲು ಏರಿದೆ: ಆರು ತಿಂಗಳು ತುಂಬಿದ, ಐದು ವರ್ಷ ತುಂಬದ ಮಕ್ಕಳಲ್ಲಿ ನೂರಕ್ಕೆ ೬೦.೯ ಇದ್ದದ್ದು ೬೫.೫ ಆಯಿತು. ಇದು ಇಡೀ ರಾಜ್ಯದ ಸರಾಸರಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಸ್ಥಿತಿಯು ಸರಾಸರಿಗಿಂತ ಕೆಟ್ಟದ್ದೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

"ತಂದೆ ಗಿಡ್ಡ, ಮಗನೂ ಗಿಡ್ಡ, ಇದು ಮನೆತನದ ಲಕ್ಷಣ, ಇದರಲ್ಲಿ ಸರ್ಕಾರವೇನು ಮಾಡೀತು?" ಎಂದು ವಿದ್ಯಾವಂತರೂ ಕೇಳುವುದುಂಟು. ಈ ಭ್ರಮೆಯು ಮೊದಲು ತೊಲಗಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ದೇಶಗಳಲ್ಲಿಯೂ ನಮ್ಮ ದೆಹಲಿಯಲ್ಲಿಯೂ ಎದೆಹಾಲು ಕುಡಿದು ಚೆನ್ನಾಗಿ ಉಂಡು ಬೆಳೆದ ಮಕ್ಕಳನ್ನು ಅಳೆದು ೨೦೦೬ರಲ್ಲಿ ಒಂದು ಪ್ರಮಾಣವನ್ನು ಪ್ರಕಟಿಸಿದರು. ಐದು ವರ್ಷದವರೆಗೆ ಎಲ್ಲ ಜನಾಂಗಗಳ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆಂಬುದು ಅದರಿಂದ ಸಿದ್ಧವಾಯಿತು. ಎರಡು ವರ್ಷ ತುಂಬಿದ ಗಂಡುಮಗುವಿನ ಎತ್ತರವು ಸುಮಾರು ೮೭ ಸೆಂಟಿಮೀಟರು ಇರತಕ್ಕದ್ದು. ೮೧ಕ್ಕಿಂತ ಕೆಳಗಿಳಿದರೆ ಅದು ಕುಂಠಿತವೆಂದು ಲೆಕ್ಕ. ಗರ್ಭದಲ್ಲಿರುವ ದಿನಗಳೂ ಸೇರಿ ಮೊದಲ ಸಾವಿರ ದಿನಗಳಲ್ಲಿ ಕಳೆದುಕೊಂಡದ್ದನ್ನು ಮುಂದೆ ಪೂರ್ಣವಾಗಿ ತುಂಬಿಕೊಡುವುದು ಬಹಳ ಕಷ್ಟ. ಎತ್ತರ ಹೋದರೆ ಹೋಗಲಿ ಎನ್ನೋಣವೆಂದರೆ, ಅದೇ ದಿನಗಳಲ್ಲಿ ಮೆದುಳೂ ಬೆಳೆಯುತ್ತಿರುತ್ತದೆ. ಆರನೆಯ ವರ್ಷದಲ್ಲಿ ಶಾಲೆಯ ಬೆಂಚಿನ ಮೇಲೆ ಮಂಕಾಗಿ ಕುಳಿತ ಹುಡುಗನನ್ನು ದಡ್ಡನೆಂದು ಬೈಯುವ ಮೇಷ್ಟ್ರಿಗೆ, ಆ ದಡ್ಡತನದಲ್ಲಿ ಎಷ್ಟು ಪಾಲು ಕಬ್ಬಿಣಾಂಶದ ಅಭಾವದ್ದೆಂಬುದು ಹೇಗೆ ತಿಳಿದೀತು?

ಈ ತಾಲ್ಲೂಕುಗಳಲ್ಲಿ ಹೊಟ್ಟೆಗೆ ಹಿಟ್ಟಿಲ್ಲವೆಂದು ನಾವು ಹೇಳುತ್ತಿಲ್ಲ. ೨೦೧೩ರಲ್ಲಿ ಅನ್ನಭಾಗ್ಯ ಯೋಜನೆಯು ಬಂದ ಮೇಲೆ ಬಡವರ ಮನೆಯಲ್ಲಿಯೂ ಅಕ್ಕಿಯು ಇದೆ. ಹಸಿವನ್ನು ಹಿಂಗಿಸಿದ ಆ ಯೋಜನೆಯನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ. ಬಿಳಿಯ ಅನ್ನ, ಅದರ ಮೇಲೆ ನೀರಾದ ಸಾರು, ಇಷ್ಟನ್ನೇ ದಿನಕ್ಕೆ ಮೂರು ಹೊತ್ತು ಉಂಡ ಕೂಸಿಗೆ ಕಬ್ಬಿಣವೆಲ್ಲಿಂದ ಬರಬೇಕು, ಸತುವೆಲ್ಲಿಂದ ಬರಬೇಕು, 'ಎ' ಮತ್ತು 'ಬಿ-೧೨' ಜೀವಸತ್ವಗಳೆಲ್ಲಿಂದ ಬರಬೇಕು? ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ-೧೨ಗಳನ್ನು ಬೆರೆಸತೊಡಗಿದ್ದು ನಿಜ. ಅದು ತಕ್ಕಮಟ್ಟಿಗೆ ಪ್ರಯೋಜನಕಾರಿಯಾದೀತು. ಆದರೆ ಕೂಸಿಗೆ ಬೇಕಾದ ಜಿಡ್ಡನ್ನಾಗಲಿ ಸಸಾರಜನಕವನ್ನಾಗಲಿ ಅದು ತಂದುಕೊಡಲಾರದು.

ಧಾನ್ಯವನ್ನು ತೂಗಿ ಕೊಟ್ಟರೆ ಕರ್ತವ್ಯವು ತೀರಿತೆಂದು ಭಾವಿಸುವ ಪರಿಪಾಠವು ಈ ಸೀಮೆಗೆ ಹಳೆಯದು. ೧೮೭೬-೭೮ರ ಡೌಗಿ ಬರದಲ್ಲಿ, ಆಗ ಮದರಾಸು ಇಲಾಖೆಗೆ ಸೇರಿದ್ದ ಬಳ್ಳಾರಿ ಜಿಲ್ಲೆಯು ಹೆಣಗಳ ಬೀಡಾಗಿದ್ದಾಗ, ಸರ್ ರಿಚರ್ಡ್ ಟೆಂಪಲ್ ಎಂಬ ದೊರೆಯು ಪರಿಹಾರದ ಕೆಲಸಕ್ಕೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕ ಸಾಕೆಂದು ತೀರ್ಮಾನಿಸಿದನು. ಮದರಾಸಿನ ನೈರ್ಮಲ್ಯಾಧಿಕಾರಿಯಾಗಿದ್ದ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿ, ಧಾನ್ಯದ ತೂಕವೂ ಸಾಲದು, ಬೇಳೆ ತರಕಾರಿಗಳಿಲ್ಲದೆ ಬರಿಯ ಧಾನ್ಯದಿಂದ ದೇಹವು ನಿಲ್ಲದು ಎಂದು ವಾದಿಸಿದನು. ಪರಕೀಯರ ಆಳಿಕೆಯಲ್ಲಿಯೂ ಈ ಮಾತನ್ನು ಹೇಳುವ ಒಬ್ಬ ವೈದ್ಯನಿದ್ದನು, ಕೊನೆಗೆ ಕೂಲಿಯೂ ಏರಿತು. ಸ್ವರಾಜ್ಯದಲ್ಲಿ ಆ ಮಾತನ್ನು ಪುನಃ ಹೇಳಬೇಕಾಗಿ ಬಂದಿರುವುದು ನಮಗೆ ಹೆಮ್ಮೆಯ ವಿಷಯವಲ್ಲ. ೧೯೩೪ರಲ್ಲಿ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದ ಮಹಾತ್ಮಾ ಗಾಂಧಿಯವರು ಗಿರಣಿಯ ನುಣುಪು ಅಕ್ಕಿಯನ್ನು ಬಿಟ್ಟು ಕೊಟ್ಟಣದ ಅಕ್ಕಿ, ಬೆಲ್ಲ, ಹಸಿಯ ಸೊಪ್ಪುಗಳನ್ನು ಉಣ್ಣಿರೆಂದು ಊರೂರಿಗೆ ಸಾರಿದರು. ಅವರ ಚಿತಾಭಸ್ಮವನ್ನು ಇರಿಸಿಕೊಂಡಿರುವ ಕೂಡ್ಲಿಗಿಯು ಆ ಉಪದೇಶವನ್ನು ಎಷ್ಟು ಇರಿಸಿಕೊಂಡಿದೆ?

ವಿಚಿತ್ರವೇನೆಂದರೆ, ಈ ಮಕ್ಕಳಿಗೆ ಬೇಕಾದ ಆಹಾರದ ಬಹುಭಾಗವು ಇದೇ ತಾಲ್ಲೂಕುಗಳ ಹೊಲಗಳಲ್ಲಿ ಬೆಳೆಯುತ್ತದೆ, ಅಥವಾ ಮೊನ್ನೆಮೊನ್ನೆಯವರೆಗೆ ಬೆಳೆಯುತ್ತಿತ್ತು. ಸಜ್ಜೆ, ನವಣೆ, ರಾಗಿ, ಜೋಳ; ಶೇಂಗಾ, ಎಳ್ಳು, ಗುರೆಳ್ಳು, ಅಗಸೆ; ಹುರುಳಿ, ಹೆಸರು, ತೊಗರಿ; ಹಿತ್ತಲಿನಲ್ಲಿ ನುಗ್ಗೆ, ಬದುವಿನಲ್ಲಿ ಪುಂಡಿಸೊಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೧೭ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ತೆರೆದು ನೋಡಿದರೆ ಸಂಗತಿಯು ತಾನಾಗಿಯೇ ವ್ಯಕ್ತವಾಗುತ್ತದೆ. ನೂರು ಗ್ರಾಂ ನುಣುಪು ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿನಷ್ಟೂ ಕಬ್ಬಿಣವಿಲ್ಲ. ಸಜ್ಜೆಯಲ್ಲಿ ಆರು ಮಿಲಿಗ್ರಾಮಿಗೆ ಮಿಕ್ಕಿ ಇದೆ. ಅಕ್ಕಿಯಲ್ಲಿ ಸುಣ್ಣದ ಅಂಶವು ಹತ್ತು ಮಿಲಿಗ್ರಾಮಿನೊಳಗೆ; ರಾಗಿಯಲ್ಲಿ ಸುಮಾರು ೩೬೦; ಎಳ್ಳಿನಲ್ಲಿ ಸಾವಿರಕ್ಕೂ ಹೆಚ್ಚು. ಶೇಂಗಾಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕ, ಐದರಲ್ಲಿ ಎರಡು ಭಾಗ ಎಣ್ಣೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ನಾಗರಪಂಚಮಿಗೆ ಶೇಂಗಾ ಉಂಡೆ, ಬಾಣಂತಿಗೆ ಅಳವಿ, ನಿತ್ಯದ ಊಟಕ್ಕೆ ಗುರೆಳ್ಳಿನ ಹಿಂಡಿ: ನಮ್ಮ ಅಜ್ಜಿಯರು ಕೋಷ್ಟಕವನ್ನು ಓದದೆ ನಡೆಸಿದ ವ್ಯವಹಾರವಿದು. ಹಬ್ಬದ ದಿನ ಈಗಲೂ ಇವು ಇವೆ. ಉಳಿದ ದಿನಗಳಲ್ಲಿ ಇಲ್ಲ.

ಏಕಿಲ್ಲವೆಂದರೆ, ಬೆಳೆದದ್ದೆಲ್ಲ ಮಾರುಕಟ್ಟೆಗೆ ಹೋಗುತ್ತದೆ. ನವಣೆ ಸಜ್ಜೆಗಳ ಹೊಲವನ್ನು ಗೋವಿನಜೋಳವು ಆಕ್ರಮಿಸಿಕೊಂಡಿದೆ; ಆ ಜೋಳವು ಕೋಳಿಗಳ ಮೇವಿಗೆ ಹೋಗುತ್ತದೆ. ಶೇಂಗಾ ಗಾಣಗಳಿಗೂ ಗಿರಣಿಗಳಿಗೂ ಹೋಗುತ್ತದೆ. ನೆರೆಯ ಚಳ್ಳಕೆರೆಗೆ 'ಎಣ್ಣೆಯ ನಗರ'ವೆಂಬ ಬಿರುದು ಬಂದದ್ದು ಈ ಸೀಮೆಯ ಶೇಂಗಾದಿಂದಲೇ. ರೈತನಿಗೆ ರೊಕ್ಕ ಬೇಕು, ಅವನನ್ನು ದೂರುವಂತಿಲ್ಲ. ಆದರೆ ಲೋಕದ ನಡೆಯನ್ನು ನೋಡಿರಿ. ೧೯೯೬ರಲ್ಲಿ ಫ್ರಾನ್ಸ್ ದೇಶದ ಆಂದ್ರೆ ಬ್ರಿಯಾಂ ಎಂಬ ವೈದ್ಯನು ಅತ್ಯಂತ ಕೃಶವಾದ ಮಕ್ಕಳನ್ನು ಉಳಿಸಲು ಒಂದು ಲೇಹವನ್ನು ಸಿದ್ಧಪಡಿಸಿದನು. ಅದರಲ್ಲಿದ್ದದ್ದೇನು? ರುಬ್ಬಿದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಅದಕ್ಕೆ ಬೆರೆಸಿದ ಲವಣ ಮತ್ತು ಜೀವಸತ್ವಗಳು. ಅದೇ ಬಗೆಯ ಲೇಹವನ್ನು ಸಣ್ಣ ಪ್ರಮಾಣದಲ್ಲಿ, ಸಾಮಾನ್ಯ ಊಟದ ಜೊತೆಗೆ, ಆರು ತಿಂಗಳು ದಾಟಿದ ಮಕ್ಕಳಿಗೆ ಕೊಟ್ಟು ನಡೆಸಿದ ಹದಿನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಲೆಕ್ಕ ಹಾಕಿದಾಗ, ಕುಂಠಿತ ಬೆಳವಣಿಗೆಯು ನೂರಕ್ಕೆ ೧೨ರಷ್ಟು ತಗ್ಗಿದ್ದು ಕಂಡುಬಂತು. ಪವಾಡವಲ್ಲ, ಆದರೆ ನಿಜವಾದ ಲಾಭ. ಇದಕ್ಕಾಗಿ ಫ್ರಾನ್ಸಿನ ಕಾರ್ಖಾನೆಗೆ ಕೈಯೊಡ್ಡಬೇಕಾಗಿಲ್ಲ. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಡಾಕ್ಟರ್ ವಿ. ಸುಬ್ರಹ್ಮಣ್ಯನ್‌ರವರ ಕಾಲದಲ್ಲಿಯೇ ಎಣ್ಣೆ ತೆಗೆದ ಶೇಂಗಾ ಹಿಟ್ಟು ಮತ್ತು ಕಡಲೆಹಿಟ್ಟುಗಳಿಗೆ ಜೀವಸತ್ವ ಲವಣಗಳನ್ನು ಕೂಡಿಸಿದ 'ಬಹೂಪಯೋಗಿ ಆಹಾರ'ವು ತಯಾರಾಗಿತ್ತು. ವಿದ್ಯೆಯು ನಮ್ಮದು, ಕಾಳು ನಮ್ಮದು, ಕೂಸೂ ನಮ್ಮದು. ಇವು ಮೂರೂ ಒಂದೆಡೆ ಸೇರಲಿಲ್ಲವೆಂಬುದೇ ದುಃಖ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಬೂಷ್ಟು ಹಿಡಿದ ಶೇಂಗಾದಲ್ಲಿ ಯಕೃತ್ತನ್ನು ಕೆಡಿಸುವ ವಿಷವಿರುತ್ತದೆ. ಮಾರಾಟವಾಗದೆ ಉಳಿದ ಮುಗ್ಗಲು ಕಾಳನ್ನು ಮಕ್ಕಳ ಪಾಲಿಗೆ ತಳ್ಳಕೂಡದು.

ಆಹಾರವನ್ನು ಕೊಟ್ಟರೆ ಸಾಲದು, ಮೈಗೆ ಹತ್ತಬೇಕು. ಕಾಳುಕಡಿಗಳ ಹೊಟ್ಟಿನಲ್ಲಿರುವ ಒಂದು ಆಮ್ಲವು ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. ನೆನೆಸಿ ಮೊಳಕೆ ಬರಿಸಿದರೆ, ಅಥವಾ ಅಂಬಲಿಯಂತೆ ಹುಳಿ ಬರಿಸಿದರೆ ಅದರ ಹಿಡಿತವು ಸಡಿಲುತ್ತದೆ. ಮೊಳಕೆಯಿಂದ ಇನ್ನೊಂದು ಉಪಕಾರವುಂಟು. ಸಾಧಾರಣ ಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿದರೆ ಎಂಟು ತಿಂಗಳ ಕೂಸು ನುಂಗಲಾರದು. ತಾಯಿ ನೀರು ಸುರಿದು ತೆಳ್ಳಗೆ ಮಾಡುತ್ತಾಳೆ. ಪುಟ್ಟ ಹೊಟ್ಟೆಯು ನೀರಿನಿಂದಲೇ ತುಂಬಿಹೋಗುತ್ತದೆ. ಮೊಳಕೆ ಬರಿಸಿ ಒಣಗಿಸಿ ಹುರಿದು ಬೀಸಿದ ರಾಗಿಯ ಸರಿಯಾದರೋ ಹೆಚ್ಚು ಹಿಟ್ಟು ಹಾಕಿದರೂ ತೆಳ್ಳಗಿರುತ್ತದೆ. ಅದಕ್ಕೆ ಒಂದು ಚಮಚೆ ಶೇಂಗಾ ಪುಡಿ, ಸ್ವಲ್ಪ ಬೆಲ್ಲ, ತುಸು ತುಪ್ಪ ಅಥವಾ ಎಣ್ಣೆ ಬೆರೆಸಿದರೆ, ಪೇಟೆಯಲ್ಲಿ ಡಬ್ಬಿಯೊಂದಕ್ಕೆ ನೂರಾರು ರೂಪಾಯಿ ತೆತ್ತು ತರುವ ಶಿಶುಾಹಾರಕ್ಕಿಂತ ಕೀಳೆನಿಸದು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣವು ಹೆಚ್ಚು ಹತ್ತುತ್ತದೆ. ಊಟದೊಂದಿಗೆ ಚಹಾ ಕುಡಿಸಿದರೆ ಹತ್ತುವುದೂ ತಪ್ಪುತ್ತದೆ. ಒಂದೂವರೆ ವರ್ಷದ ಮಗುವಿನ ಕೈಯಲ್ಲಿ ಚಹಾದ ಬಟ್ಟಲನ್ನೂ ಐದು ರೂಪಾಯಿಯ ಕುರುಕಲಿನ ಪೊಟ್ಟಣವನ್ನೂ ಇಟ್ಟು ಸುಮ್ಮನಾಗಿಸುವ ರೂಢಿಯು ಹಳ್ಳಿಹಳ್ಳಿಗೂ ಹಬ್ಬಿರುವುದನ್ನು ಯಾರು ಕಾಣರು? ಆ ಪೊಟ್ಟಣಕ್ಕೆ ಇನ್ನೊಂದೆರಡು ರೂಪಾಯಿ ಸೇರಿಸಿದರೆ ಒಂದು ಕೋಳಿಮೊಟ್ಟೆ ಬರುತ್ತದೆ.

ಮೊಟ್ಟೆಯ ಮಾತು ಬಂದೊಡನೆ ನಮ್ಮಲ್ಲಿ ವಾಗ್ಯುದ್ಧವು ಆರಂಭವಾಗುತ್ತದೆ. ೨೦೨೧ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸರ್ಕಾರವು ತೊಡಗಿದಾಗ ಎದ್ದ ಗಲಭೆಯು ವಾಚಕರ ನೆನಪಿನಲ್ಲಿರಬಹುದು. ಶಾಸ್ತ್ರದ ದೃಷ್ಟಿಯಿಂದ ಮೊದಲು ನೋಡೋಣ. ಈಕ್ವೆಡಾರ್ ದೇಶದಲ್ಲಿ ಆರರಿಂದ ಒಂಬತ್ತು ತಿಂಗಳ ವಯಸ್ಸಿನ ಮಕ್ಕಳಿಗೆ ದಿನಕ್ಕೊಂದರಂತೆ ಆರು ತಿಂಗಳ ಕಾಲ ಮೊಟ್ಟೆಯನ್ನು ಕೊಟ್ಟಾಗ ಕುಂಠಿತ ಬೆಳವಣಿಗೆಯು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು ೨೦೧೭ರಲ್ಲಿ ಪ್ರಕಟವಾಯಿತು. ಅದೇ ಪ್ರಯೋಗವನ್ನು ಆಫ್ರಿಕದ ಮಲಾವಿಯಲ್ಲಿ ಮಾಡಿದಾಗ ಎತ್ತರದಲ್ಲಿ ವ್ಯತ್ಯಾಸವು ಕಾಣಲಿಲ್ಲ. ಅಲ್ಲಿನ ಸರೋವರತೀರದ ಮಕ್ಕಳು ಮೊದಲೇ ಮೀನನ್ನು ಉಣ್ಣುತ್ತಿದ್ದರು. ಎರಡನ್ನೂ ಹೇಳುವುದು ನ್ಯಾಯ. ಆದರೆ ನಮ್ಮ ಬಯಲುಸೀಮೆಯ ಕೂಸಿಗೆ ಯಾವ ಸರೋವರದ ಮೀನು ಸಿಕ್ಕೀತು? ಇನ್ನು ಧರ್ಮದ ದೃಷ್ಟಿ. ಅಹಿಂಸೆಯ ವಿಷಯದಲ್ಲಿ ಗಾಂಧೀಜಿಯವರಿಗಿಂತ ಹೆಚ್ಚಿನ ಪ್ರಮಾಣಪುರುಷರು ನಮಗೆ ಗೊತ್ತಿಲ್ಲ. ಅವರು ೧೯೪೨ರಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿದ್ದಾಗ ಬರೆಯತೊಡಗಿದ ಆರೋಗ್ಯದ ಪುಸ್ತಕದಲ್ಲಿ, ಮರಿಯಾಗದ ಬರಡು ಮೊಟ್ಟೆಯನ್ನು ಹಾಲು ಕುಡಿಯುವವರು ನಿಷಿದ್ಧವೆಂದು ಎಣಿಸಬೇಕಾದ್ದಿಲ್ಲವೆಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ಸಾಕಾಣಿಕೆಯ ಕೇಂದ್ರಗಳಿಂದ ಅಂಗನವಾಡಿಗೆ ಬರುವ ಮೊಟ್ಟೆಯು ಅಂಥದೇ. ಒಲ್ಲದವರಿಗೆ ಹಾಲನ್ನೂ ಶೇಂಗಾ ಚಿಕ್ಕಿಯನ್ನೂ ಕೊಡಲಿ, ಯಾರ ಆಚಾರಕ್ಕೂ ಭಂಗ ಬಾರದಿರಲಿ. ಉಣ್ಣುವ ಮನೆಯ ಕೂಸಿನ ತಟ್ಟೆಯನ್ನು ಉಣ್ಣದ ಮನೆಯವರು ತಡೆಯುವುದು ಮಾತ್ರ ಯಾವ ಧರ್ಮವೂ ಅಲ್ಲ.

ಹಾಗಾದರೆ ಸರ್ಕಾರದವರು ಏನೂ ಮಾಡಿಲ್ಲವೆ? ಮಾಡಿದ್ದಾರೆ. ೧೯೭೫ರ ಅಕ್ಟೋಬರ್ ೨ರಂದು ತಿರುಮಕೂಡಲು ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಈಗ ಅಂಗನವಾಡಿಯಿಲ್ಲದ ಹಳ್ಳಿಯು ಅಪರೂಪ. ೨೦೧೩ರಲ್ಲಿ ಹಾಲು ಬಂತು, ೨೦೧೭ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟವು ಬಂತು. ನ್ಯೂನತೆಯಿರುವುದು ಬೇರೆಡೆ. ಮೂರು ವರ್ಷ ದಾಟಿದ ಮಗುವು ಅಂಗನವಾಡಿಗೆ ನಡೆದು ಹೋಗಿ ಅಲ್ಲಿಯೇ ಉಣ್ಣುತ್ತದೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಕೂಸಿಗೆ ಮಾತ್ರ ಹಿಟ್ಟಿನ ಪೊಟ್ಟಣವನ್ನು ಮನೆಗೆ ಕೊಡುತ್ತಾರೆ. ಮನೆಗೆ ಹೋದ ಹಿಟ್ಟು ಮನೆಮಂದಿಯ ಹಿಟ್ಟಾಗುವುದು ಸಹಜ. ಹಸಿದ ಅಣ್ಣ ಅಕ್ಕಂದಿರ ಎದುರಿಗೆ ಕೂಸಿಗೊಬ್ಬಳಿಗೇ ಕಾಯಿಸಿ ಉಣಿಸುವ ಕಲ್ಲೆದೆಯು ಯಾವ ತಾಯಿಗಿದೆ? ಅಂದರೆ ಬೆಳವಣಿಗೆಯು ಕುಂಠಿತವಾಗುವ ವಯಸ್ಸು ಯಾವುದೋ, ಆ ವಯಸ್ಸಿಗೇ ನಮ್ಮ ವ್ಯವಸ್ಥೆಯ ಕೈ ನಿಲುಕದು. ತಾಯಿಯು ಬೆಳಗ್ಗೆ ಕೂಲಿಗೆ ಹೊರಟರೆ ತಿರುಗಿ ಬರುವುದು ಸಂಜೆಗೆ. ಸುಗ್ಗಿಯಾದ ಮೇಲೆ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೂ ಕಬ್ಬಿನ ಗದ್ದೆಗಳಿಗೂ ಗುಳೆ ಹೋಗುವುದು ಎಲ್ಲರಿಗೂ ತಿಳಿದದ್ದೇ. ಊರಿನ ಅಂಗನವಾಡಿಯ ಪಟ್ಟಿಯಲ್ಲಿ ಕೂಸಿನ ಹೆಸರು ಇಲ್ಲಿ. ಕೂಸು ಮಾತ್ರ ತೋಟದ ಲೈನಿನಲ್ಲಿ.

ಈ ಅಂತರವನ್ನು ಮುಚ್ಚುವ ಒಂದು ಉಪಕ್ರಮವು ಈಗಾಗಲೇ ಕೈಯಲ್ಲಿದೆ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ೨೦೨೩ರ ಮುಂಗಡಪತ್ರದಲ್ಲಿ ಸಾರಲಾಯಿತು. ನಾಲ್ಕು ಸಾವಿರ ಪಂಚಾಯತಿಗಳೆಂದು ಲೆಕ್ಕವನ್ನೂ ಕೊಡಲಾಯಿತು. ಆರು ತಿಂಗಳಿನಿಂದ ಮೂರು ವರ್ಷದ ಕೂಸನ್ನು ಹಗಲೆಲ್ಲ ಒಬ್ಬಳು ನೋಡಿಕೊಳ್ಳುವ, ಮೂರು ನಾಲ್ಕು ಸಲ ಕೈಯಾರೆ ಉಣಿಸಬಹುದಾದ ಸ್ಥಳವು ಇದೊಂದೇ. ಈ ಐದು ತಾಲ್ಲೂಕುಗಳಲ್ಲಿ ಅದು ಫಲಕ ತೂಗುಹಾಕಿದ ಕೊಠಡಿಯಾಗಿ ಉಳಿಯದೆ ಕೂಸುಗಳ ಅಡುಗೆಮನೆಯಾಗಬೇಕೆಂಬುದು ನಮ್ಮ ಮುಖ್ಯವಾದ ಸೂಚನೆ. ಬೆಳಗ್ಗೆ ಮೊಳಕೆರಾಗಿಯ ಸರಿ, ಮಧ್ಯಾಹ್ನ ಬೇಳೆ ಸೊಪ್ಪು ಬೆಂದ ಮೆತ್ತನೆಯ ನವಣೆಯನ್ನ ಮತ್ತು ಮೊಟ್ಟೆ, ಸಂಜೆಗೆ ಶೇಂಗಾ ಎಳ್ಳು ಬೆಲ್ಲ ಕುಟ್ಟಿ ಹಾಲಿನಲ್ಲಿ ಕಲಸಿದ ತುತ್ತು: ಇದಕ್ಕೆ ಪಂಡಿತರ ಸಮಿತಿಯು ಬೇಕಾಗಿಲ್ಲ. ಕಾಳುಗಳನ್ನು ಆಯಾ ಪಂಚಾಯತಿಯ ರೈತರಿಂದ ಕೊಂಡು, ಮೊಳಕೆ ಕಟ್ಟಿ ಹುರಿದು ಬೀಸುವ ಕೆಲಸವನ್ನು ಸ್ತ್ರೀಶಕ್ತಿ ಸಂಘಗಳಿಗೆ ವಹಿಸಬೇಕು. ಅಂಗನವಾಡಿಯ ಆಹಾರ ಪೂರೈಕೆಯಲ್ಲಿ ಗುತ್ತಿಗೆದಾರರು ಇರಕೂಡದು, ಹಳ್ಳಿಯ ಮಹಿಳಾ ಮಂಡಲಗಳಿಗೂ ಸ್ವಸಹಾಯ ಸಂಘಗಳಿಗೂ ಆದ್ಯತೆಯಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೪ರ ಅಕ್ಟೋಬರ್ ೭ರಂದೇ ಆಜ್ಞಾಪಿಸಿದೆ.

ಹಣವೆಲ್ಲಿಂದ? ಅಂಗನವಾಡಿಯ ಮಗುವೊಂದಕ್ಕೆ ದಿನಕ್ಕೆ ೮ ರೂಪಾಯಿ, ತೀವ್ರವಾಗಿ ಕೃಶವಾದ ಮಗುವಿಗೆ ೧೨ ರೂಪಾಯಿ ಎಂದು ಕೇಂದ್ರ ಸರ್ಕಾರವು ೨೦೧೭ರಲ್ಲಿ ಗೊತ್ತುಮಾಡಿತು. ಅನಂತರ ಬೇಳೆಯ ಬೆಲೆಯೂ ಎಣ್ಣೆಯ ಬೆಲೆಯೂ ಎಲ್ಲಿಗೆ ಮುಟ್ಟಿದುವೆಂಬುದು ಪ್ರತಿಯೊಬ್ಬ ಗೃಹಸ್ಥನಿಗೂ ಗೊತ್ತು. ಈ ಮೊತ್ತವನ್ನು ಸೂಕ್ತವಾಗಿ ಏರಿಸುವುದಾಗಿ ಹಣಕಾಸಿನ ಮಂತ್ರಿಗಳು ೨೦೨೫ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ಮಾತು ಕೊಟ್ಟರು. ಆದರೆ ನಮ್ಮ ಜಿಲ್ಲೆಗೆ ದೆಹಲಿಯ ದಾರಿಯೊಂದೇ ಗತಿಯಲ್ಲ. ಸಂಡೂರು ಹೊಸಪೇಟೆಗಳ ಗುಡ್ಡಗಳಿಂದ ಅಗೆದ ಕಬ್ಬಿಣದ ಅದುರು ದೇಶವಿದೇಶಗಳ ಉಕ್ಕಿನ ಕುಲುಮೆಗಳಿಗೆ ಹೋಗಿದೆ. ಅದೇ ಗುಡ್ಡಗಳ ಬುಡದ ಸೀಮೆಯ ಕೂಸುಗಳ ನೆತ್ತರಿನಲ್ಲಿ ಕಬ್ಬಿಣವಿಲ್ಲ! ಗಣಿಯ ಆದಾಯದಿಂದ ಒಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸತಕ್ಕದ್ದೆಂದು ೨೦೧೫ರಲ್ಲಿ ಕಾನೂನಾಯಿತು. ಆ ನಿಧಿಯನ್ನು ಆದ್ಯತೆಯಿಂದ ವೆಚ್ಚಮಾಡಬೇಕಾದ ಬಾಬುಗಳಲ್ಲಿ ಆರೋಗ್ಯವೂ ಸ್ತ್ರೀಯರ ಮತ್ತು ಮಕ್ಕಳ ಕಲ್ಯಾಣವೂ ಸ್ಪಷ್ಟವಾಗಿ ಸೇರಿವೆ. ಇಂಥ ನಿಧಿಗಳು ಎಷ್ಟೋ ಕಡೆ ಕಟ್ಟಡ ರಸ್ತೆಗಳಲ್ಲಿಯೇ ಕರಗುವುದನ್ನು ನಾವು ನೋಡುತ್ತಿದ್ದೇವೆ. ಹಡಗಲಿ ಹರಪನಹಳ್ಳಿಗಳು ಗಣಿಬಾಧಿತ ಪ್ರದೇಶವಲ್ಲವೆಂದು ಕಚೇರಿಯಲ್ಲಿ ಆಕ್ಷೇಪವು ಬರಬಹುದು. ಸಂಡೂರಿಗೆ ಒತ್ತಿಕೊಂಡಿರುವ ಕೂಡ್ಲಿಗಿಯಿಂದಲಾದರೂ ಆರಂಭಿಸಲಿ. ಉಳಿದ ತಾಲ್ಲೂಕುಗಳಿಗೆ ೩೭೧ (ಜೆ) ವಿಧಿಯ ಆಧಾರದ ಮೇಲೆ ಈ ಪ್ರದೇಶಕ್ಕೆಂದೇ ಇರುವ ಅಭಿವೃದ್ಧಿ ಮಂಡಲಿಯಿದೆಯಷ್ಟೆ.

ಇತ್ತೀಚೆಗೆ ಹಸುರು ಪಾಚಿಯ ಪುಡಿ, ಅಂದರೆ ಸ್ಪಿರುಲಿನಾ, ಮುಂತಾದ ನವೀನ ಪದಾರ್ಥಗಳನ್ನು ಅಪೌಷ್ಟಿಕ ಮಕ್ಕಳಿಗೆ ಹಂಚುವ ಉತ್ಸಾಹವು ಅಲ್ಲಲ್ಲಿ ಕಾಣುತ್ತಿದೆ. ಅದರಲ್ಲಿ ಸಸಾರಜನಕವೂ ಕಬ್ಬಿಣವೂ ಇರುವುದು ಸತ್ಯ. ಆದರೆ ಅದರಲ್ಲಿದೆಯೆಂದು ಹೇಳುವ ಬಿ-೧೨ರ ಬಹುಭಾಗವು ಮನುಷ್ಯನ ಮೈಗೆ ಒದಗದ ರೂಪದ್ದು. ಗ್ರಾಮುಗಳ ಲೆಕ್ಕದಲ್ಲಿ ಕೊಡುವ ಪುಡಿಯು ಬಟ್ಟಲುಗಳ ಲೆಕ್ಕದಲ್ಲಿ ಬೇಕಾದ ಊಟದ ಸ್ಥಾನವನ್ನು ತುಂಬಲಾರದು. ಕೊಡುವವರು ಕೊಡಲಿ. ಅದರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಬಂದವೆಂದು ಶೇಂಗಾ ಮೊಟ್ಟೆಗಳ ಕಡತವನ್ನು ಮುಚ್ಚಿಡಬಾರದು. ಆಹಾರವೊಂದರಿಂದಲೇ ಎಲ್ಲವೂ ನೆಟ್ಟಗಾದೀತೆಂದೂ ನಮ್ಮ ಅಭಿಪ್ರಾಯವಲ್ಲ. ಹೊಲಸು ನೀರು ಕುಡಿದು ಭೇದಿಯಾದ ಕೂಸಿಗೆ ಉಂಡದ್ದು ದಕ್ಕದು. ಹದಿನೇಳನೆಯ ವಯಸ್ಸಿಗೆ ತಾಯಿಯಾದ ರಕ್ತಹೀನ ಹುಡುಗಿಯ ಮಗುವು ಹುಟ್ಟುವಾಗಲೇ ಕೃಶವಾಗಿರುತ್ತದೆ. ಆರು ತಿಂಗಳು ಮೀರಿದ ಮಕ್ಕಳಿಗೆ ವಾರಕ್ಕೆರಡು ಸಲ ಕೊಡತಕ್ಕ ಕಬ್ಬಿಣದ ದ್ರವೌಷಧವು ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಸದಾ ಇರುವಂತೆ ನೋಡಿಕೊಳ್ಳುವುದು ಆರೋಗ್ಯ ಇಲಾಖೆಯ ಹೊಣೆ.

ಜಿಲ್ಲಾಧಿಕಾರಿಗಳನ್ನೂ ಜಿಲ್ಲಾ ಪಂಚಾಯತಿಯ ಮುಖ್ಯಾಧಿಕಾರಿಗಳನ್ನೂ ನಾವು ಕೇಳುವುದು ಇಷ್ಟು: ಐದು ತಾಲ್ಲೂಕುಗಳಲ್ಲಿ ಎಷ್ಟು ಕೂಸಿನ ಮನೆಗಳು ನಿಜವಾಗಿ ತೆರೆದಿವೆ, ಅವುಗಳಲ್ಲಿ ಮೂರು ವರ್ಷದೊಳಗಿನ ಎಷ್ಟು ಕೂಸುಗಳು ದಿನಕ್ಕೆ ಎಷ್ಟು ಸಲ ಏನನ್ನು ಉಣ್ಣುತ್ತಿವೆ, ಮೂರು ತಿಂಗಳಿಗೊಮ್ಮೆ ಅಳೆದಾಗ ಅವುಗಳ ಎತ್ತರವೆಷ್ಟು ಏರಿತು, ಇದನ್ನು ತಾಲ್ಲ‌ೂಕುವಾರು ಪಟ್ಟಿ ಮಾಡಿ ಕಚೇರಿಯ ಗೋಡೆಗೆ ಹಚ್ಚಲಿ. ಮುಂಗಾರಿನ ಶೇಂಗಾ ಕೀಳುವ ಹೊತ್ತಿಗೆ ದಲ್ಲಾಳಿಗಳು ಹೊಲದ ಬದುವಿಗೆ ಬಂದು ನಿಲ್ಲುತ್ತಾರೆ. ಕೂಸುಗಳ ಪಾಲಿನ ಕಾಳನ್ನು ಕೊಳ್ಳುವ ಆಜ್ಞೆಯು ಅವರಿಗಿಂತ ಮೊದಲು ಪಂಚಾಯತಿಗಳಿಗೆ ತಲಪಬೇಕು.